ಪೋಣಿಸಿಟ್ಟ ಇಪ್ಪತ್ತು ಸೂಜಿ

ಜೂನ್ ೩

ಅಕ್ಕಾ,

ತಲುಪಿದೆ. ಎರಡು ದಿನ ವಿಮಾನದಲ್ಲೂ ರೈಲಿನಲ್ಲೂ ಕೂತು ಸೊಂಟ ಹಲಗೆಯಾಗಿದೆ, ಉಳಿದದ್ದೆಲ್ಲ ಸರಿಯಾಗಿದೆ. ಇಳಿದ ತಕ್ಷಣ ಫೋನಿಗೆ ಕೈ ಹೋಯಿತು. ‘ಫೋನು ಮಾಡಿದರೆ ಎತ್ತುವುದಿಲ್ಲ, ನೀನು ನನ್ನ ದನಿಯಲ್ಲಿ ರೋಗ ಹುಡುಕುತ್ತೀಯ, ಏನಿದ್ದರೂ ಕಾಗದ ಬರೆ’ ಎಂದು ನೀನು ಮಾಡಿದ ಅಪ್ಪಣೆ ನೆನಪಾಯಿತು. ಅಂಚೆಗೆ ನಾಲ್ಕು ದಿನ ಬೇಕಂತೆ. ಅಷ್ಟರೊಳಗೆ ನನ್ನ ಸುದ್ದಿಯೆಲ್ಲ ಹಳಸಿರುತ್ತದೆ, ನಿನ್ನ ತಪ್ಪು.

ಇದಕ್ಕಿಂತ ಉತ್ತರಕ್ಕೆ ರೈಲೇ ಹೋಗುವುದಿಲ್ಲ. ಹಳಿ ಇಲ್ಲಿಗೆ ಮುಗಿಯಿತು. ಊಟ ಮಾಡಿ ಕೈ ತೊಳೆದು ಬಂದರೂ ಕಿಟಕಿಯಲ್ಲಿ ಬಿಸಿಲು ಹಾಗೇ ಕೂತಿರುತ್ತದೆ, ಎದ್ದು ಹೋಗದ ನೆಂಟರ ಹಾಗೆ. ಮಲಗಲು ದಪ್ಪ ಪರದೆ ಎಳೆದುಕೊಳ್ಳಬೇಕು. ಪರದೆಯ ಅಂಚು ಮಡಿಸಿದವರು ಯಾರೋ, ಅಳತೆ ಪಟ್ಟಿ ಮುಟ್ಟಿದವರೇ ಅಲ್ಲ.

ಒಂದೇ ಊರು, ಎಂಟೇ ಜನ, ಹದಿನೈದು ದಿನ. ದಿನಕ್ಕೊಂದು ಬೀದಿ, ಒಂದು ಹಳೆಯ ಮನೆ. ದಾರಿ ತೋರಿಸುವವಳು ಹಳದಿ ಕೊಡೆ ಎತ್ತಿ ಹಿಡಿದು ಮುಂದೆ ನಡೆಯುತ್ತಾಳೆ, ಅವಳಿಗೆ ಕೊಡೆಯವಳು ಎಂದು ಹೆಸರಿಟ್ಟಿದ್ದೇನೆ. ನಮ್ಮಲ್ಲೊಬ್ಬರು ಭೂಗೋಳದ ಮೇಷ್ಟ್ರು. ಅವಳು ಒಂದು ಇಸವಿ ಹೇಳಿದರೆ ಇವರು ತಮ್ಮ ಪುಸ್ತಕದಲ್ಲಿ ನೋಡಿ ‘ಸರಿ’ ಎನ್ನುತ್ತಾರೆ, ಅವಳು ಪಾಸಾದವಳ ಹಾಗೆ ಉಸಿರು ಬಿಡುತ್ತಾಳೆ. ಒಬ್ಬ ಹಲ್ಲಿನ ಡಾಕ್ಟರು ಕಲ್ಲಿನ ಸಿಂಹ ಕಂಡರೆ ಮೊದಲು ಅದರ ಬಾಯಿ ನೋಡುತ್ತಾರೆ. ಒಂದು ಹೊಸ ಜೋಡಿ ಬಂದಿದೆ, ಅವರು ಏನನ್ನೂ ನೋಡುವುದಿಲ್ಲ. ನಾನು ನಕ್ಕು ನಕ್ಕು ಸಾಕಾಗಿದ್ದೇನೆ.

ಇನ್ನು ಜಗಳ. ಹೋಗುವುದಾದರೆ ಇಬ್ಬರೂ ಎಂದು ಹತ್ತು ವರ್ಷದಿಂದ ಮಾತಾಡಿಕೊಂಡದ್ದು. ನೀನು ಹೋಗಿ ನನ್ನ ಹೆಸರು ಮಾತ್ರ ಬರೆಸಿ ಬಂದೆ. ಯಾಕೆಂದು ಕೇಳಿದರೆ ‘ನನಗೇನು ಕಾಣುತ್ತದೆ ಅಲ್ಲಿ’ ಎಂದೆ. ಆ ಮಾತು ರೈಲಿನುದ್ದಕ್ಕೂ ನನ್ನನ್ನು ಚುಚ್ಚಿತು. ಕಣ್ಣಿನ ಡಾಕ್ಟರು ಹೇಳಿದ್ದನ್ನು ಮತ್ತೆ ಬರೆಯುತ್ತೇನೆ, ಬೇಕಾದರೆ ಹರಿದು ಹಾಕು: ಈ ವರ್ಷ ಆಪರೇಷನ್ ಮಾಡಿಸಿದರೆ ಕಣ್ಣು ಉಳಿಯುತ್ತದೆ, ಮುಂದೆ ಹಾಕಿದರೆ ಕಷ್ಟ. ಅಮ್ಮನಿಗೆ ಆದದ್ದು ನಿನಗೂ ಆಗಬೇಕೆಂದೇನಿಲ್ಲ. ಬಾಗಿಲಲ್ಲಿ ನಿಂತವಳು ನಾನೇ ಎಂದು ಬಾಯಿ ತೆರೆಯುವವರೆಗೂ ನಿನಗೆ ತಿಳಿಯುವುದಿಲ್ಲ. ನನಗೆ ಭಯವಾಗುತ್ತದೆ ಅಕ್ಕ.

ಹೊರಡುವ ಮುಂಚೆ ಇಪ್ಪತ್ತು ಸೂಜಿಗೆ ಶಾಲೆಯ ಸಮವಸ್ತ್ರದ ಹಸಿರು ದಾರ ಪೋಣಿಸಿ ಕೆಂಪು ದಿಂಬಿಗೆ ಚುಚ್ಚಿಟ್ಟಿದ್ದೇನೆ. ದಿನಕ್ಕೊಂದು. ಅವು ಮುಗಿಯುವ ದಿನ ನಾನು ಅಂಗಡಿಯ ಮೆಟ್ಟಿಲು ಹತ್ತುತ್ತೇನೆ.

ನಿನ್ನ ಗುಂಡಿ


ಜೂನ್ ೮

ಗುಂಡಿ,

ನಿನ್ನ ಕಾಗದ ನಿನ್ನೆ ಬಂತು. ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದು ‘ಹರಿದು ಹಾಕು’ ಎನ್ನುತ್ತೀಯಲ್ಲ, ಮೊದಲು ಓದುವುದಾದರೂ ಹೇಗೆ? ಪಕ್ಕದ ಇಸ್ತ್ರಿ ಅಂಗಡಿಯವರ ಕೈಲಿ ಓದಿಸಿದೆ. ಅವರು ವಾರ್ತೆ ಓದುವವರ ಹಾಗೆ ಬೀದಿಯಲ್ಲಿ ನಿಂತು ಓದಿದರು. ನಿನ್ನ ಸೊಂಟದಿಂದ ನನ್ನ ಕಣ್ಣಿನವರೆಗೆ ಎಲ್ಲವೂ ಈಗ ಬೀದಿಗೆ ಗೊತ್ತು. ಇನ್ನು ಮುಂದೆ ದೊಡ್ಡದಾಗಿ ಬರೆ.

ಕಣ್ಣಿನ ವಿಷಯ ಎತ್ತಬೇಡ. ಎತ್ತಿದರೆ ಕಾಗದ ತಿರುಗಿಸಿ ಕಳಿಸುತ್ತೇನೆ.

ಅಂಗಡಿ ಚೆನ್ನಾಗಿದೆ. ಸಮವಸ್ತ್ರದ ಗಲಾಟೆ ತೀರಿತು, ಕೊನೆಯ ಹನ್ನೊಂದು ಲಂಗ ಹೋದವು. ಒಬ್ಬಳು ತಾಯಿ ಮಗಳ ಲಂಗ ಹಿಡಿದುಕೊಂಡು ಬಂದು ಉದ್ದವಾಯಿತು ಎಂದು ಕೂಗಾಡಿದಳು. ‘ನಿನ್ನ ಮಗಳು ಬೆಳೆಯೋದಿಲ್ವಾ ತಾಯಿ, ಬೆಳೆಯೋದಿಲ್ಲ ಅಂತ ಬರ್ಕೊಡು, ಕತ್ತರಿಸಿಕೊಡ್ತೀನಿ’ ಎಂದೆ. ತೆಪ್ಪಗೆ ತೆಗೆದುಕೊಂಡು ಹೋದಳು. ಸೂಜಿ ದಿನಕ್ಕೊಂದರಂತೆ ಹೋಗುತ್ತಿವೆ, ಇನ್ನು ಹನ್ನೆರಡು ಇವೆ. ಬೆರಳಲ್ಲಿ ಮುಟ್ಟಿ ಎಣಿಸುತ್ತೇನೆ.

ಕೆಲವು ಕೇಳಬೇಕಿತ್ತು. ನನ್ನ ಹಳೆಯ ಮೆತ್ತನೆಯ ಟವೆಲುಗಳನ್ನು ಯಾವ ಪೆಟ್ಟಿಗೆಗೆ ತುರುಕಿದೆ? ನಿನ್ನ ಕಪ್ಪು ಕನ್ನಡಕ ಮನೆಯಲ್ಲೇ ಇದೆಯೋ, ಹಾಕಿಕೊಂಡು ಹೋದೆಯೋ? ಇಲ್ಲಿ ಬಿಸಿಲು ಜಾಸ್ತಿ, ಅದಕ್ಕೇ. ಮತ್ತೆ, ಹದಿನೈದನೇ ತಾರೀಖಿನಿಂದ ಅಂಗಡಿ ಸ್ವಲ್ಪ ದಿನ ಮುಚ್ಚುತ್ತೇನೆ. ಗೋಡೆಗೆ ಸುಣ್ಣ ಹೊಡೆಸಬೇಕು. ಇಸ್ತ್ರಿಯವರು ನೋಡಿಕೊಳ್ಳುತ್ತೇನೆ ಎಂದಿದ್ದಾರೆ. ಅವರ ಹೆಂಡತಿ ಹೋದಮೇಲೆ ಆ ಮನುಷ್ಯನಿಗೆ ಉಪದೇಶ ಮಾಡಲು ಯಾರೂ ಇಲ್ಲ, ನಮ್ಮ ಅಂಗಡಿಗೆ ಬಂದು ನನಗೆ ಮಾಡುತ್ತಾರೆ.

ಪರದೆಯ ಅಂಚು ಬಿಚ್ಚಿ ಹೊಲಿಯಲು ಕೂತುಬಿಡಬೇಡ. ನೋಡಲು ಹೋದವಳು ನೋಡು. ಕಂಡದ್ದನ್ನು ಬರೆ, ಬಣ್ಣಗಳನ್ನು ಬಿಡದೆ ಬರೆ.

ಅಕ್ಕ


ಜೂನ್ ೧೨

ಅಕ್ಕಾ,

ದೊಡ್ಡದಾಗಿ ಬರೆದಿದ್ದೇನೆ. ಇದನ್ನೂ ಇಸ್ತ್ರಿಯವರು ಓದುವುದಾದರೆ ಅವರಿಗೆ ನಮಸ್ಕಾರ, ದಯವಿಟ್ಟು ಒಳಗೆ ಕೂತು ಓದಿ. ಟವೆಲು ಕಬ್ಬಿಣದ ಪೆಟ್ಟಿಗೆಯ ತಳದಲ್ಲಿವೆ. ಕನ್ನಡಕ ಕನ್ನಡಿಯ ಹಿಂದೆ.

ಬಣ್ಣ ಕೇಳಿದೆಯಲ್ಲ. ಇಲ್ಲಿ ಮನೆಗಳಿಗೆ ಬಳಿದಿರುವುದು ಸಾಸಿವೆ, ಇಟ್ಟಿಗೆ, ಬೂದಿ, ಹೀಗೆ ಮೂರು ನಾಲ್ಕೇ ಬಣ್ಣ. ಆದರೆ ಸಂಜೆ ಒಂಬತ್ತಕ್ಕೆ ಬಿಸಿಲು ಓರೆಯಾಗಿ ಬೀಳುವಾಗ ಬೂದಿ ಬಣ್ಣದ ಗೋಡೆ ನಾವು ಕೋಟಿನ ಒಳಗೆ ಕೊಡುವ ತಿಳಿಗೆಂಪು ಅಸ್ತರಿನ ಹಾಗಾಗುತ್ತದೆ. ನಿಂತು ನೋಡಿದೆ. ನೀನು ಇದ್ದಿದ್ದರೆ ಎನಿಸಿತು. ಕೊಡೆಯವಳು ಬಂದು ಕೈ ಹಿಡಿದು ಎಳೆದುಕೊಂಡು ಹೋದಳು.

ನಿನ್ನೆ ಹಳೆಯ ವ್ಯಾಪಾರಿಯೊಬ್ಬನ ಮನೆ ನೋಡಿದೆವು. ಮುನ್ನೂರು ವರ್ಷದ್ದು. ಮೆಟ್ಟಿಲು ಎಷ್ಟು ಸವೆದಿದೆ ಎಂದರೆ ಪ್ರತಿ ಮೆಟ್ಟಿಲೂ ನಡುವೆ ತಟ್ಟೆಯಾಗಿದೆ. ಮೇಲಿನ ಕೋಣೆಯ ತುಂಬ ಮರದ ಬೊಂಬೆಗಳಿಗೆ ತೊಡಿಸಿದ ಆ ಕಾಲದ ಬಟ್ಟೆ. ಎಲ್ಲರೂ ಕಿಟಕಿಯ ಗಾಜು ನೋಡುತ್ತಿದ್ದರು. ನಾನು ಬಟ್ಟೆಯ ಕಡೆ ಹೋದೆ. ಅಲ್ಲಿ ಒಂದು ಸಣ್ಣ ವಿಷಯ ನಡೆಯಿತು. ಏನೂ ಇಲ್ಲ, ಒಂದು ಕೋಟಿಗೆ ಸ್ವಲ್ಪ ಕೈ ಹಾಕಿದೆ. ದೊಡ್ಡದೇನಲ್ಲ.

ಪ್ರವಾಸ ಹದಿನೆಂಟಕ್ಕೆ ಮುಗಿಯುತ್ತದೆ. ನಾನು ಮಾತ್ರ ಇನ್ನೂ ಕೆಲವು ದಿನ ಇಲ್ಲೇ ಇರಬೇಕಾಗಬಹುದು. ಯಾಕೆಂದು ಈಗ ಕೇಳಬೇಡ. ಊಟ, ಹಾಸಿಗೆ ಎಲ್ಲ ಚೆನ್ನಾಗಿದೆ. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿಸುತ್ತಿದ್ದಾರೆ.

ಗುಂಡಿ


ಜೂನ್ ೧೭

ಚಿಕ್ಕಮ್ಮನವರಿಗೆ ಇಸ್ತ್ರಿ ಅಂಗಡಿಯವನ ನಮಸ್ಕಾರಗಳು. ಇದು ನಿಮ್ಮ ಅಕ್ಕನವರು ಹೇಳಿ ನಾನು ಬರೆಯುತ್ತಿರುವುದು. ಅವರ ಕೈ ಉಳುಕಿದೆ ಎಂದು ಬರೆಯಲು ಹೇಳಿದ್ದಾರೆ, ಬರೆದಿದ್ದೇನೆ. ಇನ್ನು ಅವರ ಮಾತು.

ಗುಂಡಿ, ಎಲ್ಲರೂ ಮರ್ಯಾದೆಯಿಂದ ಮಾತಾಡಿಸುತ್ತಿದ್ದಾರೆ ಅಂದರೆ ಏನರ್ಥ? ಮರ್ಯಾದೆ ಕೊಡದಿರುವಂಥದ್ದು ಏನು ಮಾಡಿದೆ? ಕೋಟಿಗೆ ಕೈ ಹಾಕಿದೆ ಅಂದರೆ ಜೇಬಿಗೋ? ನೀನು ಚಿಕ್ಕವಳಿದ್ದಾಗ ಗಿರಾಕಿಯ ಕೋಟಿನ ಗುಂಡಿ ನುಂಗಿ ಮೂರು ದಿನ ಬಾಯಿ ಬಿಡಲಿಲ್ಲ, ಆ ಹೆಸರು ಬಂದದ್ದೇ ಹಾಗೆ. ಈಗ ಐವತ್ತನಾಲ್ಕಾಯಿತು. ಏನು ನುಂಗಿದ್ದೀಯ, ಹೇಳಿಬಿಡು. (ಇಲ್ಲಿ ಅಮ್ಮನವರು ಸ್ವಲ್ಪ ಜೋರಾಗಿ ಮಾತಾಡಿದರು. ಆಯಾಸ ಮಾಡಿಕೊಳ್ಳಬಾರದು, ಬಗ್ಗಬಾರದು ಎಂದು ಹೇಳಿದ್ದರೂ ಕೇಳುವುದಿಲ್ಲ.)

ಅದನ್ನು ಯಾಕೆ ಬರೆದಿರಿ, ಹೊಡೆದು ಹಾಕಿ ಎನ್ನುತ್ತಿದ್ದಾರೆ. ಕಾಗದ ಕೊಳೆಯಾಗುತ್ತದೆಂದು ನಾನು ಹೊಡೆದಿಲ್ಲ.

ಸುಣ್ಣ ಹೊಡೆಸಿ ಆಯಿತು, ಗೋಡೆ ಬೆಳ್ಳಗಿದೆ. ದಿಂಬಿನಲ್ಲಿ ಸೂಜಿ ಆರಿವೆ. ನನ್ನ ಊಟಕ್ಕೆ ತೊಂದರೆಯಿಲ್ಲ. (ಮೂರು ಹೊತ್ತೂ ನಮ್ಮ ಮನೆಯಿಂದಲೇ ಹೋಗುತ್ತಿದೆ. ಉಪ್ಪು ಕಡಿಮೆ ಎನ್ನುತ್ತಾರೆ. ಚಿಕ್ಕಮ್ಮ, ನಲವತ್ತು ವರ್ಷ ನನ್ನ ಅಡುಗೆಗೆ ಯಾರೂ ಹೀಗೆ ಹೇಳಿಲ್ಲ.) ಬೇಗ ಬಾ ಎಂದು ನಾನು ಹೇಳುವುದಿಲ್ಲ. ನಿನ್ನ ಕೆಲಸ ಮುಗಿಸಿ ಬಾ.

ಇಷ್ಟೇ ಎಂದರು. ಕೊನೆಯಲ್ಲಿ ನಾನೇ ಒಂದು ಮಾತು ಸೇರಿಸುತ್ತೇನೆ. ನೀವು ಗಾಬರಿಯಾಗುವಂಥದ್ದು ಏನೂ ಇಲ್ಲ. ಅಮ್ಮನವರು ಬಹಳ ಧೈರ್ಯಸ್ಥರು. ಇದಕ್ಕಿಂತ ಹೆಚ್ಚು ಹೇಳಿದರೆ ನನಗೆ ಅಂಗಡಿಯ ಬಾಗಿಲು ಬಂದ್.


ಜೂನ್ ೨೨

ಅಕ್ಕಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಅಂಗಡಿ ಮುಚ್ಚಿದೆ. ಗೋಡೆಗೆ ಸುಣ್ಣ ಹೊಡೆಸಿದೆ. ಮೆತ್ತನೆಯ ಟವೆಲು ತೆಗೆಸಿದೆ, ಕಪ್ಪು ಕನ್ನಡಕ ಬೇಕೆಂದೆ. ಮೂರು ಹೊತ್ತು ಅವರ ಮನೆಯ ಊಟ, ಅವರ ಕೈಬರಹ, ‘ಇದಕ್ಕಿಂತ ಹೆಚ್ಚು ಹೇಳಿದರೆ’ ಎಂಬ ಮಾತು. ನನ್ನನ್ನು ರೈಲಿನ ಕೊನೆಯ ನಿಲ್ದಾಣಕ್ಕೆ ಕಳಿಸಿ ಅಲ್ಲಿ ನೀವಿಬ್ಬರೂ ಮದುವೆಯಾಗುತ್ತಿದ್ದೀರಾ? ಆದರೆ ಆಗು, ನಾನು ಬೇಡವೆನ್ನುತ್ತೇನಾ? ಅರವತ್ತಮೂರು ಒಂದು ವಯಸ್ಸಾ? ಆದರೆ ನನ್ನ ಬಿಟ್ಟು ಆಗಬೇಡ. ನಿನ್ನ ಮದುವೆಯ ಬಟ್ಟೆ ಬೇರೆ ಯಾರೋ ಹೊಲಿಯುವುದು ನನಗೆ ಆಗುವುದಿಲ್ಲ.

ಈಗ ನನ್ನದನ್ನೂ ಹೇಳಿಬಿಡುತ್ತೇನೆ.

ಆ ಮನೆಯ ಮೇಲಿನ ಕೋಣೆಯಲ್ಲಿ ಒಂದು ಉದ್ದನೆಯ ನೀಲಿ ಕೋಟು ಇತ್ತು. ಬಲಗೈಯ ಅಂಚು ಬಿಚ್ಚಿ ಒಂದೆಳೆ ದಾರದಲ್ಲಿ ನೇತಾಡುತ್ತಿತ್ತು. ಇನ್ನೊಂದು ವಾರಕ್ಕೆ ಪೂರ್ತಿ ಬೀಳುವುದೇ. ನಾನು ಸುಮ್ಮನೆ ನೋಡಿಕೊಂಡೇ ಇದ್ದೆ, ಆಣೆಗೂ ಸುಮ್ಮನೆಯೇ. ಆಮೇಲೆ ನೋಡುತ್ತೇನೆ, ನನ್ನ ಕಾಲರಿನೊಳಗಿನ ಸೂಜಿ ಕೈಯಲ್ಲಿದೆ, ಅಂಚು ಬೆರಳ ನಡುವೆ ಇದೆ, ಅರ್ಧ ಹೊಲಿದಾಗಿದೆ. ಅರ್ಧಕ್ಕೆ ಬಿಡಲಾಗುತ್ತದೆಯೇ? ಗಂಟು ಹಾಕಿ ಹಲ್ಲಿನಲ್ಲಿ ದಾರ ಕಚ್ಚಿದೆ. ತಲೆಯೆತ್ತಿದರೆ ಕಾವಲಿನವನು ಬಾಯಿ ತೆರೆದು ನಿಂತಿದ್ದ. ಭೂಗೋಳದ ಮೇಷ್ಟ್ರ ಪುಸ್ತಕ ಕೆಳಗೆ ಬಿದ್ದಿತ್ತು. ಕೊಡೆಯವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಹೊಸ ಜೋಡಿ ಬಂದಾಗಿನಿಂದ ಮೊದಲ ಸಲ ಬೇರೆ ಏನನ್ನೋ ನೋಡುತ್ತಿತ್ತು, ಅದು ನನ್ನನ್ನು.

ಬಟ್ಟೆಗಳ ಮೇಲ್ವಿಚಾರಕಿ ಎಂಬಾಕೆ ಬಂದಳು. ಬಿಳಿ ಕೈಗವಸು ಹಾಕಿಕೊಂಡಿದ್ದಳು. ಮುನ್ನೂರು ವರ್ಷದ ಬಟ್ಟೆ ಕಾಯುವ ಆಕೆಯ ಸ್ವಂತ ಕೋಟಿಗೆ ಮೂರನೆಯ ಗುಂಡಿ ಇರಲಿಲ್ಲ ಅಕ್ಕ, ಬೈಯಿಸಿಕೊಳ್ಳುವಾಗಲೂ ನನ್ನ ಕಣ್ಣು ಅಲ್ಲೇ ಇತ್ತು. ಬೈದಳು, ಚೆನ್ನಾಗಿಯೇ ಬೈದಳು, ಪ್ರತಿ ಮಾತೂ ನ್ಯಾಯವಾಗಿತ್ತು. ಕೇಳದೆ ಮುಟ್ಟಿದ್ದು ತಪ್ಪು. ಇವತ್ತಿನ ದಾರ ಆ ಬಟ್ಟೆಯನ್ನು ಕತ್ತರಿಸುತ್ತದಂತೆ. ನಾನು ಅತ್ತೆ. ಬಿಚ್ಚಬೇಕು, ಎಲ್ಲಿಂದ ಎಲ್ಲಿಯವರೆಗೆ ಹೊಲಿದೆ ತೋರಿಸು ಎಂದು ಭೂತಗನ್ನಡಿ ಹಿಡಿದು ಬಗ್ಗಿದಳು.

ಬಗ್ಗಿದವಳು ಏಳಲೇ ಇಲ್ಲ. ಆ ಕಡೆ ಈ ಕಡೆ ನೋಡಿದಳು. ಕೊನೆಗೆ ತಲೆಯೆತ್ತಿ ಕೇಳಿದಳು, ಕೊಡೆಯವಳು ನನಗೆ ತಿಳಿಸಿ ಹೇಳಿದಳು: ‘ನಿಮ್ಮ ಹೊಲಿಗೆ ಯಾವುದು? ಹಳೇದು ಯಾವುದು? ನಂಗೆ ಗೊತ್ತಾಗ್ತಾ ಇಲ್ಲ.’

ಯಾಕೆ ಗೊತ್ತೇ? ಹೊಲಿಗೆಯೆಲ್ಲ ಎಡಕ್ಕೆ ವಾಲಿದೆ. ಆ ಕೋಟು ಹೊಲಿದವರು ಎಡಗೈಯವರು. ಎಷ್ಟೋ ವರ್ಷದಿಂದ ಅದನ್ನು ರಿಪೇರಿ ಮಾಡಿದವರೆಲ್ಲ ಬಲಗೈಯವರು, ಅವರ ತೇಪೆಗಳು ಎದ್ದು ಕಾಣುತ್ತವೆ. ನಾನು ಬಲಗೈಯಲ್ಲೇ ಹೊಲಿದರೂ ನನ್ನ ಹೊಲಿಗೆ ಎಡಕ್ಕೆ ವಾಲುತ್ತದೆ, ನಿನ್ನನ್ನು ನೋಡಿ ಕಲಿತವಳಲ್ಲವೇ. ಅಪ್ಪ ‘ಎಡಚಿ’ ಎಂದು ಬೈದು ನಿನ್ನ ಕೈಗೆ ಸ್ಕೇಲಿನಲ್ಲಿ ಹೊಡೆಯುತ್ತಿದ್ದರಲ್ಲ. ಮುನ್ನೂರು ವರ್ಷದ ಹಿಂದೆ ಇಲ್ಲಿ ಒಬ್ಬ ಎಡಚ, ಅಥವಾ ಎಡಚಿ, ನಿನ್ನ ಹಾಗೆಯೇ ಕೂತು ಹೊಲಿದಿದ್ದಾರೆ.

ಆಕೆ ನನ್ನ ಕೈಯಿಂದಲೇ ಅದನ್ನು ಬಿಚ್ಚಿಸಿದಳು. ಆಮೇಲೆ ಸರಿಯಾದ ದಾರ ಕೊಟ್ಟು ಮತ್ತೆ ಹೊಲಿಸಿದಳು. ಅದೇ ಕೈಯ ಕೋಟು ಇನ್ನೂ ನಾಲ್ಕಿವೆಯಂತೆ. ಪ್ರವಾಸ ಮುಗಿದ ಮೇಲೆ ಉಳಿದು ಮಾಡಿಕೊಡುತ್ತೀಯಾ ಎಂದು ಕೇಳಿದಳು. ಮಾಡುತ್ತಿದ್ದೇನೆ. ರಿಪೇರಿ ಪುಸ್ತಕದಲ್ಲಿ ‘ಹೊಲಿದವರು’ ಎಂಬ ಕಡೆ ನಮ್ಮಿಬ್ಬರ ಹೆಸರೂ ಬರೆದೆ. ಇನ್ನೊಬ್ಬರು ಯಾರು ಎಂದಳು. ಕೈ ಅವಳದು ಎಂದೆ.

ಸಹಪ್ರವಾಸಿಗಳೆಲ್ಲ ಹದಿನೆಂಟಕ್ಕೆ ಹೋದರು. ಹಲ್ಲಿನ ಡಾಕ್ಟರು ಹೊರಡುವಾಗ, ಇನ್ನು ಮೇಲೆ ಹಲ್ಲಿನಲ್ಲಿ ದಾರ ಕಚ್ಚಬೇಡ ಎಂದು ಹೇಳಿದರು.

ನಿನ್ನ ಮದುವೆಯ ತಾರೀಖು ಬರೆ.

ಗುಂಡಿ


ಜೂನ್ ೨೫

ಗುಂಡಿ,

ನನ್ನ ಕೈಯಾರೆ ಬರೆದಿದ್ದೇನೆ. ಅಕ್ಷರ ದೊಡ್ಡದಾಗಿದ್ದರೆ, ಸಾಲು ಸೊಟ್ಟಗಿದ್ದರೆ ನಗಬೇಡ.

ನೀನು ಕೊನೆಯ ಕಾಗದ ಬರೆದು ಹದಿಮೂರು ದಿನವಾಯಿತು, ಆಮೇಲೆ ಸುದ್ದಿಯಿಲ್ಲ. ನೀನು ಬರುವ ದಿನ ದಾಟಿ ಐದು ದಿನವಾಯಿತು. ನಾನು ಯೋಚಿಸಿ ನೋಡಿದೆ. ಆ ಊರು ನಿನಗೆ ಹಿಡಿಸಿದೆ, ಅಲ್ಲಿ ಯಾವುದೋ ಕೆಲಸ ಸಿಕ್ಕಿದೆ, ಹೇಳಲು ನಿನಗೆ ಸಂಕೋಚ. ಉಳಿಯುವುದಾದರೆ ಉಳಿ. ಮೂವತ್ತು ವರ್ಷ ನನ್ನ ಜೊತೆ ಆ ಸಣ್ಣ ಅಂಗಡಿಯಲ್ಲಿ ಕಾಲು ಮಡಿಸಿ ಕೂತೆ. ನಾನು ಕುರುಡಿಯಾಗುತ್ತೇನೆಂದು ನೀನೂ ಕಣ್ಣು ಕಟ್ಟಿಕೊಂಡು ಕೂರಬೇಕಾಗಿಲ್ಲ.

ನನ್ನ ಚಿಂತೆ ಬೇಡ. ನೀನು ಪೋಣಿಸಿಟ್ಟ ಸೂಜಿ ಇನ್ನೂ ಆರು ಉಳಿದಿವೆ, ಧಾರಾಳವಾಗಿವೆ.

ಅಕ್ಕ


ಜೂನ್ ೨೯

ಅಕ್ಕಾ,

ನಿನ್ನ ಅಕ್ಷರ ನೋಡಿ, ನಿನ್ನದೇ ಹೌದೋ ಎಂದು ಲಕೋಟೆ ತಿರುಗಿಸಿ ನೋಡಿದೆ. ಒಂದು ಹಾಳೆಗೆ ನಾಲ್ಕು ಸಾಲು, ನಾಲ್ಕೂ ಗೋಡೆ ಹತ್ತುತ್ತಿವೆ. ಆಮೇಲೆ ಸೂಜಿಯ ಲೆಕ್ಕ ಓದಿ ಕೂತೇಬಿಟ್ಟೆ.

ಹದಿನೇಳಕ್ಕೆ ಆರು. ಇಪ್ಪತ್ತೈದಕ್ಕೂ ಆರು. ಜೂನ್ ಒಂದರಿಂದ ದಿನಕ್ಕೊಂದು ಎಂದರೆ ಹದಿನಾಲ್ಕನೆಯ ತಾರೀಖಿನ ನಂತರ ನೀನು ಸೂಜಿ ಮುಟ್ಟಿಲ್ಲ. ಅಮ್ಮ ತೀರಿಕೊಂಡ ದಿನ ಕೂಡ ಯಾರದೋ ಮಗುವಿನ ಅಂಗಿಯ ಕಾಜಾ ಮುಗಿಸಿ ಎದ್ದವಳು ನೀನು. ಹನ್ನೊಂದು ದಿನ ಸುಮ್ಮನೆ ಕೂತಿದ್ದೀಯ ಎಂದರೆ ಮದುವೆಯೂ ಅಲ್ಲ, ಸುಣ್ಣವೂ ಅಲ್ಲ. ನಿನಗೆ ಪೂರ್ತಿ ಕಾಣುತ್ತಿಲ್ಲ. ಅಷ್ಟೇ ತಾನೆ? ನಿಜ ಹೇಳು.

ತಪ್ಪು ನನ್ನದು. ಎರಡು ವರ್ಷದ ಹಿಂದೆ ಆಸ್ಪತ್ರೆಯ ಗೇಟಿನವರೆಗೆ ಹೋಗಿದ್ದೆವು. ನೀನು ಗೇಟು ಹಿಡಿದುಕೊಂಡು ‘ಬೇಡ ಕಣೆ, ಮನೆಗೆ ಹೋಗೋಣ’ ಎಂದೆ. ನಾನು ಗಟ್ಟಿಯಾಗಿ ನಿಲ್ಲದೆ ಆಟೋ ಕರೆದೆ. ಆ ಆಟೋವನ್ನು ನಾನು ಇವತ್ತಿಗೂ ಬೈದುಕೊಳ್ಳುತ್ತೇನೆ.

ಇಲ್ಲಿ ಕೊನೆಯ ಕೋಟಿನ ತೋಳು ಬಿಚ್ಚಿ ಮೇಜಿನ ಮೇಲಿದೆ. ಅದನ್ನು ಹಾಗೆ ಬಿಟ್ಟು ಬಂದರೆ ನೀನೇ ಬೈಯುತ್ತೀಯ. ಎಂಟನೆಯ ತಾರೀಖಿನ ರೈಲಿಗೆ ಹೊರಡುತ್ತೇನೆ. ಈ ಸಲ ಗೇಟಿನಲ್ಲಿ ನೀನು ಎಷ್ಟು ಅತ್ತರೂ ಬಿಡುವುದಿಲ್ಲ. ನಾನು ಇಲ್ಲಿ ಉಳಿಯುತ್ತೇನೆಂದು ಯಾವ ಬಾಯಲ್ಲಿ ಬರೆದೆ? ಅಂಗಡಿ ಸಣ್ಣದು ಎಂದು ನಾನು ಯಾವತ್ತಾದರೂ ಹೇಳಿದ್ದೇನಾ?

ಗುಂಡಿ


ಜುಲೈ ೩

ಗುಂಡಿ,

ನಿನ್ನ ಇಪ್ಪತ್ತೆರಡರ ಕಾಗದ, ಇಪ್ಪತ್ತೊಂಬತ್ತರ ಕಾಗದ, ಎರಡನ್ನೂ ಮುಂದೆ ಇಟ್ಟುಕೊಂಡಿದ್ದೇನೆ. ಮೊದಲನೆಯದನ್ನು ಇಸ್ತ್ರಿಯವರೇ ಓದಿದ್ದರು. ಮದುವೆಯ ಭಾಗ ಬಂದಾಗ ಅವರ ವಾರ್ತೆ ನಿಂತುಹೋಯಿತು. ಕೆಂಡದ ಪೆಟ್ಟಿಗೆ ಯಾರದೋ ಪ್ಯಾಂಟಿನ ಮೇಲೆ ಬಿಟ್ಟು ಬಂದಿದ್ದೇನೆ ಎಂದು ಓಡಿದವರು ಎರಡು ದಿನ ಈ ಕಡೆ ತಲೆ ಹಾಕಲಿಲ್ಲ. ಆ ದಿನ ಉಪ್ಪು ಜಾಸ್ತಿಯಾಗಿತ್ತು. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ, ನಗಬಾರದೆಂದು ಡಾಕ್ಟರು ಹೇಳಿದ್ದರೂ.

ಡಾಕ್ಟರು ಎಂದೆನಲ್ಲ, ಸರಿಯಾಗಿಯೇ ಓದಿದ್ದೀಯ. ಹದಿನೈದನೆಯ ತಾರೀಖು ಬೆಳಿಗ್ಗೆ ಎಡಗಣ್ಣಿಗೆ ಆಪರೇಷನ್ ಆಯಿತು. ತಾರೀಖು ಗೊತ್ತುಮಾಡಿಕೊಂಡೇ ನಿನ್ನೊಬ್ಬಳ ಹೆಸರು ಪ್ರವಾಸಕ್ಕೆ ಬರೆಸಿದ್ದು.

ಕೋಪ ಮಾಡಿಕೊಳ್ಳಬೇಡ, ಪೂರ್ತಿ ಕೇಳು. ಆ ದಿನದ ಗೇಟು ನನಗೂ ನೆನಪಿದೆ. ನಾನು ಹೋಗೋಣ ಎಂದೆ, ನೀನು ಒಂದೇ ಮಾತಿಗೆ ಕರೆದುಕೊಂಡು ಬಂದೆ. ನಿನ್ನದು ತಪ್ಪಲ್ಲ, ನಾನು ಅಳುವುದನ್ನು ನೋಡಲು ನಿನ್ನಿಂದ ಆಗುವುದಿಲ್ಲ. ಈ ಸಲವೂ ನೀನಿದ್ದಿದ್ದರೆ ಓಡಿಬರುತ್ತಿದ್ದೆ. ಕರೆದುಕೊಂಡು ಬರುವವರು ಯಾರೂ ಇರಬಾರದಿತ್ತು. ಇಸ್ತ್ರಿಯವರಿಗೆ ಮೊದಲೇ ಹೇಳಿಟ್ಟಿದ್ದೆ, ನಾನು ಏನು ಹೇಳಿದರೂ ಕೇಳಬೇಡಿ ಎಂದು. ಗೇಟಿನಲ್ಲಿ ಅದೇ ಮಾತು ಬಾಯಿಗೆ ಬಂತು, ಮನೆಗೆ ಹೋಗೋಣ ಎಂದೆ. ಆ ಮನುಷ್ಯ ಗಟ್ಟಿಯಾಗಿ ನಿಂತು ಹೇಳಿದರು: ‘ಅಮ್ಮಾ, ನಿಮ್ಮ ಮನೆ ಬೀಗದ ಕೈ ನನ್ನ ಹತ್ರ ಇದೆ. ಕಣ್ಣು ಮಾಡಿಸಿಕೊಂಡು ಬನ್ನಿ, ಕೊಡ್ತೀನಿ.’ ಬೈದುಕೊಂಡೇ ಒಳಗೆ ಹೋದೆ.

ಆದಮೇಲಾದರೂ ಯಾಕೆ ಬರೆಯಲಿಲ್ಲ ಎನ್ನುತ್ತೀಯ. ಅಮ್ಮನಿಗೂ ಮೊದಲ ವಾರ ಚೆನ್ನಾಗಿ ಕಂಡಿತ್ತು. ನೀನು ಸಣ್ಣವಳು, ನಿನಗೆ ನೆನಪಿರಲಾರದು. ಕಂಡಿತು ಎಂದು ಬೀದಿಗೆಲ್ಲ ಬೆಲ್ಲ ಹಂಚಿದೆವು. ಒಂಬತ್ತನೆಯ ದಿನ ಕೀವಾಗಿ ಹೋಯಿತು. ಹದಿನೈದು ದಿನ ದಾಟದೆ ಯಾರಿಗೂ ಹೇಳಬಾರದೆಂದು ನಾನು ಬಾಯಿಗೆ ಬೀಗ ಹಾಕಿಕೊಂಡೆ. ಹತ್ತನೆಯ ದಿನ, ಪಟ್ಟಿಯ ಸಂದಿಯಿಂದ ನೋಡಿಕೊಂಡು, ಭಯದಲ್ಲೇ ನಿನಗೆ ಆ ಸೊಟ್ಟ ಕಾಗದ ಬರೆದೆ. ಕಣ್ಣು ಹೋದರೆ ನಿನ್ನನ್ನು ಕಟ್ಟಿಹಾಕಬಾರದು ಎಂಬುದೊಂದೇ ಅದರಲ್ಲಿದ್ದದ್ದು. ಉಳಿ ಎಂದು ಬರೆದೆನಲ್ಲ, ಬರೆದು ಅತ್ತಿದ್ದೆ. ಅದಕ್ಕೂ ಬೈಗುಳ ಬಿತ್ತು, ಅಳಬಾರದಂತೆ.

ನಿನ್ನೆ ಡಾಕ್ಟರು ಪೂರ್ತಿ ನೋಡಿ, ಗೆದ್ದಿರಿ ಎಂದರು. ಇನ್ನೊಂದು ಕಣ್ಣು ಚಳಿಗಾಲ ಕಳೆದ ಮೇಲೆ. ಅದಕ್ಕೆ ನೀನು ಬರಬಹುದು, ಆದರೆ ಆಟೋದವರ ಹತ್ತಿರ ಮಾತಾಡಕೂಡದು.

ಏನೇನು ಕಂಡಿತು ಹೇಳಲಾ? ನಮ್ಮ ಗೋಡೆಗೆ ಸುಣ್ಣ ಹೊಡೆದೇ ಇಲ್ಲ, ಅದು ಸುಳ್ಳು, ಈಗ ನೋಡಿದರೆ ಎಷ್ಟು ಕೊಳಕಾಗಿದೆ. ಇಸ್ತ್ರಿಯವರ ಮೀಸೆ ಬಿಳಿ, ನಾನು ಕಪ್ಪು ಎಂದುಕೊಂಡಿದ್ದೆ. ಹಸಿರು ಎಂದು ನಾನು ಹೊಲಿದ ಲಂಗಗಳಲ್ಲಿ ಎರಡಕ್ಕೆ ಪಟ್ಟಿ ನೀಲಿ ಬಿದ್ದಿದೆ, ಆ ತಾಯಿಯರು ಪಾಪ ಏನೂ ಹೇಳಿಲ್ಲ, ವಾಪಸು ತರಿಸಿದ್ದೇನೆ. ಕನ್ನಡಿಯಲ್ಲಿ ಅಮ್ಮ ಕಂಡರು. ಹೆದರಿದೆ, ಆಮೇಲೆ ಅದು ನಾನೇ ಎಂದು ತಿಳಿಯಿತು.

ನಿನ್ನ ಇಪ್ಪತ್ತೆರಡರ ಕಾಗದವನ್ನು ಇವತ್ತು ಬೆಳಿಗ್ಗೆ ನಾನೇ, ನಾನೊಬ್ಬಳೇ ಓದಿದೆ. ಎಡಕ್ಕೆ ವಾಲಿದ ಹೊಲಿಗೆಯ ಮಾತು ಇಸ್ತ್ರಿಯವರ ಬಾಯಲ್ಲಿ ಕೇಳಿದಾಗ ಇಷ್ಟು ತಟ್ಟಿರಲಿಲ್ಲ. ಅಪ್ಪ ಇದ್ದಿದ್ದರೆ ತೋರಿಸುತ್ತಿದ್ದೆ. ಅರವತ್ತಮೂರು ವರ್ಷದಲ್ಲಿ ನನ್ನ ಎಡಗೈಗೆ ಇಂಥ ಮರ್ಯಾದೆ ಯಾರೂ ಕೊಟ್ಟಿರಲಿಲ್ಲ ಕಣೆ.

ಆ ಆರು ಸೂಜಿಯಲ್ಲಿ ಒಂದನ್ನು ತೆಗೆದು ನೀನು ಹಾಕಿದ ದಾರ ಎಳೆದು ಬಿಸಾಡಿದೆ. ಅದೇ ಹಸಿರಿನ ಹೊಸ ದಾರ ತೆಗೆದುಕೊಂಡು, ತುದಿ ಒದ್ದೆ ಮಾಡಿ, ಬಾಗಿಲ ಬೆಳಕಿಗೆ ಹಿಡಿದೆ. ಮೊದಲ ಸಲ ತಪ್ಪಿತು. ಎರಡನೆಯ ಸಲಕ್ಕೆ ಹೋಯಿತು. ಮೂರು ವರ್ಷದ ಮೇಲೆ ಗುಂಡಿ, ಸೂಜಿಯ ಕಣ್ಣು ನನ್ನ ಕಣ್ಣಿಗೆ ಬಿತ್ತು. ಅದನ್ನೇ ಬಟ್ಟೆಯ ಚೂರಿಗೆ ಚುಚ್ಚಿ ಇದರೊಳಗೆ ಇಟ್ಟಿದ್ದೇನೆ. ಹುಷಾರಾಗಿ ಬಿಚ್ಚು, ಚುಚ್ಚಿಕೊಂಡೀಯ. ಆಗುವುದಾದರೆ ಆ ಎಡಗೈಯವರ ಕೋಟಿಗೆ ಇದರಲ್ಲಿ ಒಂದು ಹೊಲಿಗೆ ಹಾಕಿ ಬಾ.

ಅಕ್ಕ


ಜುಲೈ ೭

ಅಕ್ಕಾ,

ಸೂಜಿ ಬಂತು. ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಲಕೋಟೆ ಬಿಚ್ಚಿದೆ. ಓದಿ ಮುಗಿಸುವಾಗ ನಾನು ಎಷ್ಟು ಜೋರಾಗಿ ಅಳುತ್ತಿದ್ದೆನೆಂದರೆ ಒಳಗಿನಿಂದ ಗುಮಾಸ್ತೆ ನೀರು ತಂದುಕೊಟ್ಟಳು. ಸಾವಾಯಿತೇ ಎಂದು ಸನ್ನೆಯಲ್ಲಿ ಕೇಳಿದಳು. ನಾನು ಸೂಜಿ ಎತ್ತಿ ತೋರಿಸಿ ನಕ್ಕೆ. ಅವಳು ನನ್ನನ್ನು ಏನೆಂದುಕೊಂಡಳೋ. ನಿನ್ನ ಮೇಲೆ ಬಂದ ಕೋಪ ಅಲ್ಲೇ ಮೆಟ್ಟಿಲ ಮೇಲೆ ಹೋಯಿತು. ಸ್ವಲ್ಪ ಉಳಿಸಿಕೊಂಡಿದ್ದೇನೆ, ಬಂದಮೇಲೆ ಇರಲಿ ಎಂದು.

ಕೋಟು ಮುಗಿಯಿತು. ನಿನ್ನ ಹಸಿರು ದಾರವನ್ನು ಅದಕ್ಕೆ ಹಾಕಲು ಮೇಲ್ವಿಚಾರಕಿ ಒಪ್ಪಲಿಲ್ಲ, ನಿಯಮ ನಿಯಮವೇ. ಆದರೆ ಕೊಡೆಯವಳ ಬಾಯಿಂದ ಇಡೀ ಕಥೆ ಕೇಳಿದಳು. ಸೂಜಿಯನ್ನು ಕಿಟಕಿಗೆ ಹಿಡಿದು ನೋಡಿದಳು. ಆಮೇಲೆ ತನ್ನ ಕೋಟು ಬಿಚ್ಚಿ ನನ್ನ ಮುಂದೆ ಇಟ್ಟು, ಜೇಬಿನಿಂದ ಒಂದು ಗುಂಡಿ ತೆಗೆದಳು. ಅದನ್ನು ಎಷ್ಟು ತಿಂಗಳಿಂದ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದಳೋ. ನಿನ್ನ ದಾರದಲ್ಲಿ ಹೊಲಿದುಕೊಟ್ಟೆ. ಕಪ್ಪು ಕೋಟಿಗೆ ಶಾಲೆಯ ಹಸಿರು. ಎದ್ದು ಕಾಣುತ್ತದೆ, ಆಕೆ ಹಾಗೇ ಹಾಕಿಕೊಂಡು ನಾಳೆ ನನ್ನನ್ನು ರೈಲು ಹತ್ತಿಸಲು ಬರುತ್ತಾಳೆ.

ಇನ್ನೊಂದು ಗುಟ್ಟು. ಆ ಕೊನೆಯ ತೋಳು ಹೊಲಿಯುವಾಗ ನಾನು ಸೂಜಿಯನ್ನು ಮೊಳ ದೂರ ಹಿಡಿದು ಪೋಣಿಸುತ್ತಿದ್ದೆ. ಐವತ್ತನಾಲ್ಕಲ್ಲವೇ. ಹಾಗಾಗಿ ಉಳಿದ ಐದು ಸೂಜಿ ಖಾಲಿ ಮಾಡಿ, ಇಪ್ಪತ್ತನ್ನೂ ನೀನೇ ಪೋಣಿಸಿಡು. ಇನ್ನು ಮೇಲೆ ಆ ಕೆಲಸ ನಿನ್ನದು.

ಹತ್ತಕ್ಕೆ ನಾನು ಬರುತ್ತೇನೆ, ಹನ್ನೊಂದಕ್ಕೆ ಈ ಕಾಗದ ಬರುತ್ತದೆ. ಬಂದಾಗ ನಾನು ನಿನ್ನ ಎದುರಿಗೇ ಕೂತಿರುತ್ತೇನೆ, ಆದರೂ ನನ್ನನ್ನು ಏನೂ ಕೇಳಬೇಡ, ಇಸ್ತ್ರಿಯವರ ಕೈಗೂ ಕೊಡಬೇಡ. ಬೇಕೆಂದೇ ಇರುವೆ ಸಾಲಿನ ಅಕ್ಷರದಲ್ಲಿ ಬರೆದಿದ್ದೇನೆ. 

ನೀನೇ ಓದು. ನಾನು ನೋಡಬೇಕು.

ಗುಂಡಿ